ಊರಿನ ಕ್ಲಬ್ಬಿಗೆ ಹಿರಿಯರಾಗಿ ನಿಲ್ಲುವವರಿಗೆ: ಕಾಸರಗೋಡಿನ ಕಡೆಯ ಸಮಗ್ರ ಮಾರ್ಗದರ್ಶಿ

ಕ್ಲಬ್ಬಿನ ಹುಡುಗರು ಒಂದು ಸಂಜೆ ಮನೆಗೆ ಬಂದು, "ಅಣ್ಣಾ, ಈ ವರ್ಷ ನೀವು ನಮ್ಮ ಜತೆ ನಿಲ್ಬೇಕು" ಅಂತ ಕೇಳುತ್ತಾರೆ. ಆಮಂತ್ರಣ ಪತ್ರಿಕೆಯಲ್ಲಿ ಗೌರವ ಸಲಹೆಗಾರ ಅಂತಲೋ ರಕ್ಷಾಧಿಕಾರಿ ಅಂತಲೋ ಹೆಸರು ಹಾಕಿಸುತ್ತಾರೆ. ವಾರ್ಷಿಕೋತ್ಸವದ ದಿನ ವೇದಿಕೆಯಲ್ಲಿ ಒಂದು ಕುರ್ಚಿ, ಒಂದು ಶಾಲು, ನಾಲ್ಕು ಮಾತು. ತುಂಬಾ ಊರುಗಳಲ್ಲಿ ಹಿರಿಯರ ಪಾಲು ಅಲ್ಲಿಗೇ ಮುಗಿಯುತ್ತದೆ. ಆಮೇಲೆ ಲೆಕ್ಕದಲ್ಲಿ ಜಗಳ ಬಂದಾಗ, ಕಲ್ಲು ಕಡಿದು ಬಿಟ್ಟ ಕೋರೆಯ ನೀರಿಗೆ ಯಾರೋ ಇಳಿದಾಗ, ಪಂಚಾಯತು ಆಫೀಸಿನಲ್ಲಿ ಅರ್ಜಿ ಹಿಡಿದುಕೊಂಡು ನಿಂತಾಗ ಆ ಹುಡುಗರ ಜತೆ ಯಾರೂ ಇರುವುದಿಲ್ಲ.

ಆ ಹೊತ್ತಿಗೂ ಇರಬೇಕು ಅನ್ನುವ ಮನಸ್ಸಿದ್ದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಕ್ಲಬ್ಬುಗಳು ನನ್ನ ಕಣ್ಣ ಮುಂದಿವೆ. ಕಬಡ್ಡಿ, ವಾಲಿಬಾಲ್, ಅಂಡರ್ ಆರ್ಮ್ ಕ್ರಿಕೆಟ್, ವರ್ಷಕ್ಕೊಂದು ಕೆಸರುಗದ್ದೆ ಆಟ, ಅಷ್ಟಮಿಗೆ ಮೊಸರು ಕುಡಿಕೆ, ನಡುವೆ ಒಂದೆರಡು ಶ್ರಮದಾನ. ನಮ್ಮ ಕಡೆಯ ಕ್ಲಬ್ಬು ಅಂದರೆ ಇದೇ ಅಲ್ವಾ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹಿರಿಯರು ಕೈಯಲ್ಲಿ ಇಟ್ಟುಕೊಳ್ಳಬೇಕಾದ್ದು ಮೂರೇ ಕೆಲಸ. ಮಕ್ಕಳ ಮೈ-ಜೀವದ ಸುರಕ್ಷೆ, ಹಣದ ಲೆಕ್ಕದ ಮೇಲೆ ಒಂದು ಕಣ್ಣು, ಹುಡುಗರ ಮಾತು ನಡೆಯದ ಕಡೆ ಅವರ ಪರವಾಗಿ ಮಾತಾಡುವುದು. ಜರ್ಸಿಯ ಬಣ್ಣ ಯಾವುದು, ಪಂದ್ಯಾಟ ಯಾವ ತಿಂಗಳು, ಅತಿಥಿ ಯಾರು, ಟ್ರೋಫಿ ಎಷ್ಟು ಎತ್ತರ ಅನ್ನುವುದೆಲ್ಲ ಅವರದ್ದು. ಇದರಲ್ಲಿ ಕೈ ಹಾಕಿದಷ್ಟೂ ಕ್ಲಬ್ಬು ನಿಮ್ಮದಾಗುತ್ತದೆ, ಅವರದ್ದಾಗಿ ಉಳಿಯುವುದಿಲ್ಲ.

ಹೂಂ ಅನ್ನುವ ಮೊದಲು

ಮೊದಲು ಮನೆಯಲ್ಲಿ ಕೇಳಿ. ವಾರಕ್ಕೆ ಒಂದು ಸಂಜೆ, ತಿಂಗಳಿಗೆ ಒಂದು ಭಾನುವಾರ ಕೊಡಲು ಆಗುತ್ತದಾ ಅಂತ ನೋಡಿ. ಅಡಿಕೆ ಕೊಯ್ಲಿನ ಹೊತ್ತಿಗೆ ಆಗುವುದಿಲ್ಲ ಅಂತಿದ್ದರೆ ಅದನ್ನೂ ಹುಡುಗರಿಗೆ ಮೊದಲೇ ಹೇಳಿ. ವರ್ಷವಿಡೀ ಸ್ವಲ್ಪ ಸ್ವಲ್ಪ ಸಿಗುವ ಹಿರಿಯರು ಬೇಕು, ಒಂದು ತಿಂಗಳು ಓಡಾಡಿ ಆಮೇಲೆ ಕಾಣೆಯಾಗುವವರಲ್ಲ.

ಎರಡನೆಯದು, ನಡಾವಳಿ ಪುಸ್ತಕ ಕೇಳಿ ಓದಿ. ಹಿಂದಿನ ಮೂರು ವರ್ಷದ ಮಹಾಸಭೆಯ ಪುಟಗಳು ಸಾಕು. ಯಾರು ಯಾವಾಗ ರಾಜೀನಾಮೆ ಕೊಟ್ಟರು, ಯಾವ ವಿಷಯ ಪ್ರತಿ ವರ್ಷ "ಮುಂದಿನ ಸಭೆಗೆ" ಅಂತ ಮುಂದೆ ಹೋಗಿದೆ ಅಂತ ಅಲ್ಲೇ ಗೊತ್ತಾಗುತ್ತದೆ. ಪುಸ್ತಕವೇ ಇಲ್ಲ ಅಂದರೆ ಗಾಬರಿ ಬೇಡ. ನಿಮ್ಮ ಮೊದಲ ಕೆಲಸ ಅದೇ.

ಸಾಲ ಇದೆಯಾ ಅಂತ ಕೇಳಿ. ಮೈಕ್ ಸೆಟ್‌ನವರಿಗೆ, ಶಾಮಿಯಾನದವರಿಗೆ, ಟ್ರೋಫಿ ಅಂಗಡಿಗೆ ಬಾಕಿ ಉಳಿದಿರುವುದು ಸಾಮಾನ್ಯ. ಮೊತ್ತ ಎಷ್ಟು, ಯಾರ ಹೆಸರಿನಲ್ಲಿ ತಂದದ್ದು ಅಂತ ಬರೆಸಿಕೊಳ್ಳಿ. ನಿಮ್ಮ ಕಿಸೆಯಿಂದ ತೀರಿಸಲು ಮಾತ್ರ ಹೋಗಬೇಡಿ. ಒಮ್ಮೆ ತೀರಿಸಿದರೆ ಮುಂದಿನ ವರ್ಷದ ಸಾಲ ನಿಮ್ಮ ಧೈರ್ಯದ ಮೇಲೆಯೇ ಆಗುತ್ತದೆ.

ಒಬ್ಬರೇ ನಿಲ್ಲಬೇಡಿ. ನಿಮ್ಮ ಜತೆ ಇನ್ನೊಬ್ಬ ಹಿರಿಯರು ಇರಲೇಬೇಕು, ಇಬ್ಬರಲ್ಲಿ ಒಬ್ಬರು ಹೆಂಗಸಾಗಿದ್ದರೆ ತುಂಬಾ ಒಳ್ಳೆಯದು. ಅಂಗನವಾಡಿ ಟೀಚರ್, ನಿವೃತ್ತ ಮಾಷ್ಟ್ರು, ಕುಟುಂಬಶ್ರೀ ಮಹಿಳಾ ಸಂಘದ ಅಕ್ಕಂದಿರು, ಹಿಂದೆ ಕಬಡ್ಡಿ ಆಡುತ್ತಿದ್ದು ಈಗ ಅಂಗಡಿ ಇಟ್ಟುಕೊಂಡಿರುವ ಅಣ್ಣ: ಇಂಥವರು ಪ್ರತಿ ಊರಿನಲ್ಲೂ ಇರುತ್ತಾರೆ. ಕೇಳುವವರಿಲ್ಲದೆ ಸುಮ್ನೆ ಇದ್ದಾರೆ, ಅಷ್ಟೇ.

ಮೊದಲ ಎರಡು ತಿಂಗಳು

ಏನೂ ಬದಲಾಯಿಸಬೇಡಿ. ಹೋಗಿ, ಕುಳಿತು, ನೋಡಿ.

ಸಭೆ ಆರು ಗಂಟೆಗೆ ಅಂದರೆ ಆರೂವರೆಗೆ ನಾಲ್ಕು ಜನ ಇರುತ್ತಾರೆ. ಒಂದು ಮೂಲೆಯಲ್ಲಿ ಕೇರಂ ನಡೆಯುತ್ತಿರುತ್ತದೆ, ಹೊರಗೆ ಬೈಕಿನ ಮೇಲೆ ಇಬ್ಬರು ಮೊಬೈಲ್ ನೋಡುತ್ತಿರುತ್ತಾರೆ. ಕಾರ್ಯದರ್ಶಿ ಮಾತಾಡುತ್ತಾನೆ, ಅಧ್ಯಕ್ಷ ತಲೆ ಆಡಿಸುತ್ತಾನೆ. ಒಬ್ಬ ಹುಡುಗ ಗೋಡೆಗೆ ಒರಗಿ ಏನೂ ಹೇಳದೆ ನಿಂತಿರುತ್ತಾನೆ, ಸಭೆ ಮುಗಿದ ಮೇಲೆ ಚಾಪೆ ಮಡಚಿ, ಲೈಟ್ ಆರಿಸಿ, ಬೀಗ ಹಾಕುವುದು ಅವನೇ. ಅವನ ಹೆಸರು ಕೇಳಿಟ್ಟುಕೊಳ್ಳಿ. ಕ್ಲಬ್ಬು ನಡೆಯುತ್ತಿರುವುದು ಇಂಥವರಿಂದ, ಆದರೆ ಅವರ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಮುಂದೆ ಜವಾಬ್ದಾರಿ ಹಂಚುವಾಗ ಮೊದಲು ಅವನನ್ನು ನೆನಪಿಸಿಕೊಳ್ಳಿ.

ಯಾರು ಬರುತ್ತಿಲ್ಲ ಅನ್ನುವುದನ್ನೂ ನೋಡಿ. ಕಾಲೊನಿಯ ಹುಡುಗರು ಆಟಕ್ಕೆ ಬರುತ್ತಾರೆ, ಸಭೆಗೆ ಬರುವುದಿಲ್ಲ ಅಂತಾದರೆ ಅದಕ್ಕೊಂದು ಕಾರಣ ಇದ್ದೇ ಇದೆ. ಅವರಲ್ಲೇ ಹೋಗಿ ಕೇಳಿ. ಮಲಯಾಳಂ ಮೀಡಿಯಂ ಮಕ್ಕಳಿಗೆ ನಿಮ್ಮ ಕನ್ನಡ ನೋಟೀಸು ಓದಲು ಬರದೇ ಇರಬಹುದು, ಕನ್ನಡ ಮೀಡಿಯಂ ಮಕ್ಕಳಿಗೆ ಪಂಚಾಯತಿನಿಂದ ಬಂದ ಮಲಯಾಳಂ ಕಾಗದ ಅರ್ಥವಾಗದೇ ಇರಬಹುದು. ಸಭೆಯ ಮಾತು ಹೇಗೂ ತುಳುವಿನಲ್ಲೋ ಬ್ಯಾರಿಯಲ್ಲೋ ಮಲಯಾಳದಲ್ಲೋ ಕಲಸಿಕೊಂಡು ನಡೆಯುತ್ತದೆ, ಅದಕ್ಕೆ ತೊಂದರೆ ಇಲ್ಲ. ಬರೆದು ಹಾಕುವುದನ್ನು ಮಾತ್ರ ಎರಡೂ ಲಿಪಿಯಲ್ಲಿ ಹಾಕಿಸಿ. ಒಂದೇ ಹಾಳೆ, ಮೇಲೆ ಕನ್ನಡ, ಕೆಳಗೆ ಮಲಯಾಳಂ.

ವಯಸ್ಸಿನ ಪಟ್ಟಿ, ಮಕ್ಕಳ ರಕ್ಷಣೆ

ಇದು ಎಲ್ಲಕ್ಕಿಂತ ಮುಖ್ಯ. ದಯವಿಟ್ಟು ಹಾರಿಸಿ ಓದಬೇಡಿ.

ಸದಸ್ಯರ ಪಟ್ಟಿ ಮಾಡಿಸಿ: ಹೆಸರು, ಹುಟ್ಟಿದ ತಾರೀಕು, ಮನೆಯವರ ಫೋನ್ ನಂಬರ್, ರಕ್ತದ ಗುಂಪು, ಫಿಟ್ಸ್ ಅಥವಾ ಉಬ್ಬಸದಂಥ ತೊಂದರೆ ಇದ್ದರೆ ಅದು. 18 ತುಂಬದವರ ಹೆಸರಿನ ಮುಂದೆ ಒಂದು ಗುರುತು ಹಾಕಿ. ಕಾನೂನಿನ ಕಣ್ಣಿನಲ್ಲಿ ಅವರು ಮಕ್ಕಳು. ಮೀಸೆ ಬಂದಿರಲಿ, ಕಬಡ್ಡಿಯ ರೈಡಿಂಗ್‌ನಲ್ಲಿ ಎದುರು ಟೀಮಿನ ಐವರನ್ನು ಔಟ್ ಮಾಡಲಿ, ಅವರು ಮಕ್ಕಳೇ.

2012ರ ಪೋಕ್ಸೋ ಕಾಯಿದೆ ಪ್ರಕಾರ, 18ರ ಕೆಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ ಪೊಲೀಸರಿಗೆ ತಿಳಿಸುವುದು ಪ್ರತಿಯೊಬ್ಬರ ಹೊಣೆ. ತಿಳಿಸದೇ ಇದ್ದರೆ ಆರು ತಿಂಗಳವರೆಗೆ ಸಜೆಯೂ ಆಗಬಹುದು. "ಊರಿನ ಮರ್ಯಾದೆ", "ಕ್ಲಬ್ಬಿನ ಹೆಸರು", "ಎರಡೂ ಮನೆಯವರನ್ನು ಕೂರಿಸಿ ಮಾತಾಡಿ ಮುಗಿಸುವ" ಅನ್ನುವ ಮಾತು ಯಾರಾದರೂ ತಂದರೆ ನೀವು ಒಪ್ಪಬಾರದು. ಒಂದು ಮಗು ನಿಮ್ಮ ಹತ್ತಿರ ಬಂದು ಏನಾದರೂ ಹೇಳಿದರೆ ಪೂರ್ತಿ ಕೇಳಿ. ಯಾಕೆ, ಹೇಗೆ ಅಂತ ಕೆದಕಬೇಡಿ. ಯಾರಿಗೂ ಹೇಳುವುದಿಲ್ಲ ಅಂತ ಮಾತು ಕೊಡಬೇಡಿ, ಯಾಕೆಂದರೆ ನೀವು ಹೇಳಲೇಬೇಕು. ಮಗು ಹೇಳಿದ್ದನ್ನು ಅದರದ್ದೇ ಮಾತಿನಲ್ಲಿ ಅವತ್ತೇ ಬರೆದಿಡಿ. ಮಕ್ಕಳ ಸಹಾಯವಾಣಿ 1098 ಅಥವಾ ಪೊಲೀಸ್ 112ಕ್ಕೆ ಫೋನ್ ಮಾಡಿ. ಮಗುವಿನ ಹೆಸರು ಕ್ಲಬ್ಬಿನಲ್ಲಿ ಯಾರಿಗೂ ಗೊತ್ತಾಗಬಾರದು, ವಾಟ್ಸಾಪ್‌ನಲ್ಲಂತೂ ಬರಲೇಬಾರದು.

ಇಂಥದ್ದು ಆಗದ ಹಾಗೆ ನೋಡಿಕೊಳ್ಳಲು ಕೆಲವು ಕಟ್ಟುನಿಟ್ಟು ಇಟ್ಟುಕೊಳ್ಳಿ. ಮಕ್ಕಳು ಇರುವ ಕಡೆ ಯಾವಾಗಲೂ ಇಬ್ಬರು ದೊಡ್ಡವರು ಇರಬೇಕು. ಒಬ್ಬ ಮಗುವನ್ನು ಒಬ್ಬರೇ ದೊಡ್ಡವರು ಬೈಕಿನಲ್ಲೋ ಕಾರಿನಲ್ಲೋ ಕರೆದುಕೊಂಡು ಹೋಗಬಾರದು. ಮಕ್ಕಳ ಜತೆ ಮಾತು ವಾಟ್ಸಾಪ್ ಗ್ರೂಪಿನಲ್ಲೇ ಆಗಬೇಕು, ಅದರಲ್ಲಿ ಮನೆಯವರೂ ಇರಬೇಕು, ರಾತ್ರಿ ಒಬ್ಬೊಬ್ಬರಿಗೇ ಮೆಸೇಜ್ ಬೇಡ. ಹೊರಗಿನಿಂದ ಕೋಚ್ ಬಂದರೂ ಇದೇ ನಿಯಮ, ಅಧ್ಯಕ್ಷರ ಅಣ್ಣ ಬಂದರೂ ಇದೇ ನಿಯಮ. ನಿಮಗೂ ಇದೇ. ನಿಮ್ಮನ್ನು ಯಾರೂ ಅನುಮಾನಿಸುತ್ತಿಲ್ಲ. ನಿಯಮ ಎಲ್ಲರಿಗೂ ಒಂದೇ ಆದಾಗ ಮಾತ್ರ, ಕೆಟ್ಟ ಉದ್ದೇಶ ಇರುವವನಿಗೆ ಒಳಗೆ ಬರಲು ದಾರಿ ಸಿಗುವುದಿಲ್ಲ.

ಬೈಕಿನ ವಿಷಯವನ್ನೂ ಇಲ್ಲೇ ಹೇಳುತ್ತೇನೆ. ಪಂದ್ಯಾಟಕ್ಕೆ ಹೋಗುವಾಗ ಹದಿನಾರರ ಹುಡುಗ ಅಣ್ಣನ ಬೈಕ್ ತರುತ್ತಾನೆ, ಮೂವರು ಏರುತ್ತಾರೆ. 2019ರ ತಿದ್ದುಪಡಿ ಆದ ಮೇಲೆ ಮೋಟಾರು ವಾಹನ ಕಾಯಿದೆ ಪ್ರಕಾರ, ಮಕ್ಕಳು ವಾಹನ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೋ ವಾಹನದ ಮಾಲಕರಿಗೋ ಮೂರು ವರ್ಷದವರೆಗೆ ಸಜೆ ಮತ್ತು 25,000 ರೂಪಾಯಿ ದಂಡ. ಇದನ್ನು ಮನೆಯವರ ಸಭೆಯಲ್ಲಿ ಹೇಳಿ. ಟೀಮಿಗೆ ಒಂದು ಜೀಪು ಮಾಡಿ ಕಳಿಸುವ ಖರ್ಚನ್ನು ಬಜೆಟಿನಲ್ಲಿ ಮೊದಲೇ ಇಡಿ, ಟ್ರೋಫಿ ಸ್ವಲ್ಪ ಸಣ್ಣದಾದರೂ ಪರವಾಗಿಲ್ಲ.

ಹೆಣ್ಣುಮಕ್ಕಳು ಬರಬೇಕಾದರೆ

"ನಮ್ಮಲ್ಲಿ ಹುಡುಗಿಯರಿಗೂ ಸೇರಬಹುದು" ಅಂತ ನಿಯಮಾವಳಿಯಲ್ಲಿ ಬರೆದರೆ ಯಾರೂ ಬರುವುದಿಲ್ಲ. ಬರಬೇಕಾದರೆ ಸಭೆ ಸಂಜೆ ಏಳರ ಬದಲು ಭಾನುವಾರ ಮಧ್ಯಾಹ್ನ ಮೂರಕ್ಕೆ ಇಡಿ. ಹತ್ತಿರದಲ್ಲಿ ಬಾಗಿಲು ಭದ್ರವಿರುವ ಶೌಚಾಲಯ ಇದೆಯಾ ನೋಡಿ, ಇಲ್ಲದಿದ್ದರೆ ಪಕ್ಕದ ಮನೆಯವರಲ್ಲಿ ಕೇಳಿಕೊಳ್ಳಿ. ಒಬ್ಬಳನ್ನು ಕರೆಯಬೇಡಿ, ಒಂದೇ ಸಲಕ್ಕೆ ನಾಲ್ಕೈದು ಜನರನ್ನು ಕರೆಯಿರಿ.

ಮನೆಗೆ ಹೋಗಿ ಕೇಳುವಾಗ ಜತೆಗೆ ಹೆಂಗಸರು ಇರಲಿ. ಅಮ್ಮಂದಿರು ಕೇಳುವ ಪ್ರಶ್ನೆ ಎರಡೇ. ಎಷ್ಟು ಗಂಟೆಗೆ ಮನೆ ಮುಟ್ಟುತ್ತಾಳೆ, ಜತೆಗೆ ಯಾರು ಬರುತ್ತಾರೆ. ಇವೆರಡಕ್ಕೂ ಸರಿಯಾದ ಉತ್ತರ ಇಟ್ಟುಕೊಂಡು ಹೋಗಿ, ಹೇಳಿದ ಹೊತ್ತಿಗೆ ಮನೆ ಮುಟ್ಟಿಸಿ. ಎರಡು ಸಲ ಹಾಗೆ ನಡೆದರೆ ಮೂರನೇ ಸಲ ನೀವು ಕೇಳಬೇಕಾಗಿಲ್ಲ.

ಬಂದವರನ್ನು ಸ್ವಾಗತ ಹಾಡಿಗೆ, ಆರತಿ ತಟ್ಟೆ ಹಿಡಿಯಲಿಕ್ಕೆ ನಿಲ್ಲಿಸಬೇಡಿ. ಖಜಾಂಚಿ ಮಾಡಿ. ತ್ರೋಬಾಲ್, ಹಗ್ಗಜಗ್ಗಾಟ ಅವರೇ ಸುರು ಮಾಡಲಿ.

ಲೆಕ್ಕ

ಕ್ಲಬ್ಬು ಒಡೆಯುವುದು ಹೆಚ್ಚಾಗಿ ಹಣದಿಂದ. ಯಾರೋ ಕದ್ದರು ಅಂತ ಅಲ್ಲ, ಬರೆದಿಡದೇ ಇದ್ದುದರಿಂದ.

ಪಂದ್ಯಾಟ ಮುಗಿದ ಮೇಲೆ ಬರುವ ಲೆಕ್ಕದ ಚೀಟಿ ನೋಡಿ. ಪೆಟ್ರೋಲ್ 300, ಟೀ 240, ಬಲ್ಬು 450, ಇತರೆ 1,800. ಮೊದಲ ಮೂರರ ಬಗ್ಗೆ ಯಾರೂ ಕೇಳುವುದಿಲ್ಲ. ಜಗಳ ಇರುವುದೆಲ್ಲ ಆ "ಇತರೆ"ಯಲ್ಲಿ. ಹುಡುಗ ಪ್ರಾಮಾಣಿಕನೇ, ಐದು ಕಡೆ ಓಡಿ ಹಗ್ಗ, ಸುಣ್ಣ, ಐಸು, ನೀರಿನ ಕೇನ್ ತಂದಿದ್ದಾನೆ, ರಶೀದಿ ಕೇಳಲು ನೆನಪಾಗಿಲ್ಲ. ಆದರೆ ಮೂರು ತಿಂಗಳು ಕಳೆದು ಮಹಾಸಭೆಯಲ್ಲಿ ಎದ್ದು ನಿಂತಾಗ ಅವನಿಗೂ ನೆನಪಿರುವುದಿಲ್ಲ, ಕೇಳುವವನ ಸ್ವರವೂ ಬೇರೆಯೇ ಆಗಿರುತ್ತದೆ. ಒಳ್ಳೆಯ ಕೆಲಸಗಾರ ಒಬ್ಬ ಅಲ್ಲಿಗೆ ಕ್ಲಬ್ಬು ಬಿಡುತ್ತಾನೆ.

ಹಾಗಾಗಿ "ಇತರೆ" ಅನ್ನುವ ಸಾಲೇ ಬೇಡ ಅಂತ ಮಾಡಿ. ರಶೀದಿ ಇಲ್ಲದ ಸಣ್ಣ ಖರ್ಚಿಗೆ ಒಂದು ಬಿಳಿ ಚೀಟಿಯಲ್ಲಿ ತಾರೀಕು, ವಸ್ತು, ಮೊತ್ತ, ಕೊಟ್ಟವರ ಸಹಿ, ಪಕ್ಕದಲ್ಲಿದ್ದ ಇನ್ನೊಬ್ಬರ ಸಹಿ. ಅವತ್ತೇ ಬರೆಯಬೇಕು. ಪಂದ್ಯಾಟ ಮುಗಿದ ಏಳು ದಿನದ ಒಳಗೆ ಲೆಕ್ಕ ಗೋಡೆಗೆ ಅಂಟಿಸಬೇಕು, ಗ್ರೂಪಿನಲ್ಲೂ ಹಾಕಬೇಕು. ವಂತಿಗೆ ಕೊಟ್ಟ ಅಂಗಡಿಯವರಿಗೂ ಅದರ ಒಂದು ಪ್ರತಿ ಕೊಟ್ಟು ನೋಡಿ, ಮುಂದಿನ ವರ್ಷ ಅವರು ನಿಮ್ಮನ್ನು ನಿಲ್ಲಿಸಿ ಮಾತಾಡಿಸುತ್ತಾರೆ.

ರಶೀದಿ ಪುಸ್ತಕಗಳಿಗೆ ನಂಬರ್ ಹಾಕಿಸಿ. ಯಾವ ಪುಸ್ತಕ ಯಾರ ಕೈಯಲ್ಲಿ ಇದೆ ಅಂತ ಬರೆದು, ವಾಪಸು ಬರುವಾಗ ಉಳಿದ ಹಾಳೆ ಎಣಿಸಿ. ಬ್ಯಾಂಕ್ ಖಾತೆ ಕ್ಲಬ್ಬಿನ ಹೆಸರಿನಲ್ಲೇ ಇರಬೇಕು, ಇಬ್ಬರ ಸಹಿ ಬೇಕು ಅಂತ ಇರಬೇಕು. ಯುಪಿಐಯಲ್ಲಿ ಬರುವ ಹಣ ಒಬ್ಬನ ಸ್ವಂತ ನಂಬರಿಗೆ ಬರುವುದು ಈಗಿನ ದೊಡ್ಡ ತಾಪತ್ರಯ. ಅದನ್ನು ಮೊದಲ ತಿಂಗಳಲ್ಲೇ ನಿಲ್ಲಿಸಿ, ಕ್ಲಬ್ಬಿನ ಖಾತೆಗೇ ಕ್ಯೂಆರ್ ಕೋಡ್ ಮಾಡಿಸಿ. ನೀವು ಹಿರಿಯರು ಮಾತ್ರ ಹಣ ಮುಟ್ಟಬೇಡಿ. ತಿಂಗಳಿಗೊಮ್ಮೆ ಪಾಸ್‌ಬುಕ್ ಮತ್ತು ಚೀಟಿಗಳನ್ನು ಜೋಡಿಸಿ ನೋಡುವುದು ನಿಮ್ಮ ಕೆಲಸ, ಅದನ್ನು ಖಜಾಂಚಿಯ ಎದುರೇ, ಅವನಿಗೂ ಕಲಿಸುತ್ತಾ ಮಾಡಿ.

ರಿಜಿಸ್ಟ್ರೇಷನ್, ಪಂಚಾಯತು, ಯುವಜನ ಕ್ಷೇಮ ಮಂಡಳಿ

ಕಾಸರಗೋಡು 1956ರ ತನಕ ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಇತ್ತು. ಅದರಿಂದಾಗಿ ಇಲ್ಲಿಯ ಸಂಘಗಳು ಇವತ್ತಿಗೂ 1860ರ ಸೊಸೈಟಿ ರಿಜಿಸ್ಟ್ರೇಷನ್ ಕಾಯಿದೆಯ ಕೆಳಗೆ ನೋಂದಣಿ ಆಗುವುದು, ತಿರುವಾಂಕೂರು-ಕೊಚ್ಚಿ ಭಾಗದವರಿಗೆ 1955ರ ಬೇರೆ ಕಾಯಿದೆ. ತಿರುವನಂತಪುರದ ಗೆಳೆಯರು ಕಳಿಸಿದ ನಮೂನೆಯನ್ನು ಹಾಗೇ ನಕಲು ಮಾಡಿದರೆ ನಡೆಯುವುದಿಲ್ಲ ಅಂತ ಇದನ್ನು ಹೇಳಿದ್ದು. ಕನಿಷ್ಠ ಏಳು ಜನ, ಸಂಘದ ಉದ್ದೇಶ ಪತ್ರ, ನಿಯಮಾವಳಿ ಬೇಕು, ಅರ್ಜಿ ಜಿಲ್ಲಾ ರಿಜಿಸ್ಟ್ರಾರರಿಗೆ. ನೋಂದಣಿ ಆದ ಮೇಲೆ ಎಲ್ಲರೂ ಮರೆಯುವುದು ಒಂದಿದೆ. ಪ್ರತಿ ವರ್ಷ ಮಹಾಸಭೆ ಆದ 14 ದಿನದ ಒಳಗೆ ಹೊಸ ಕಮಿಟಿಯ ಪಟ್ಟಿ ರಿಜಿಸ್ಟ್ರಾರರಿಗೆ ಕೊಡಬೇಕು. ಅದನ್ನು ಕ್ಯಾಲೆಂಡರಿನಲ್ಲಿ ಬರೆದು ಗೋಡೆಗೆ ತೂಗಿ.

ಸರಕಾರದ ಕಡೆಯಿಂದ ಎರಡು ದಾರಿ ಇದೆ. ಒಂದು ಕೇರಳ ರಾಜ್ಯ ಯುವಜನ ಕ್ಷೇಮ ಮಂಡಳಿ, 1985ರ ಕಾಯಿದೆಯಿಂದ ಬಂದದ್ದು. ಯುವಕರ ಆಟ-ಕಲೆಗಳ ಸ್ಪರ್ಧೆಯಾದ ಕೇರಳೋತ್ಸವ ಅವರದ್ದೇ. ಪಂಚಾಯತಿನಲ್ಲಿ ಸುರುವಾಗಿ ಬ್ಲಾಕು, ಜಿಲ್ಲೆ, ರಾಜ್ಯದವರೆಗೆ ಹೋಗುತ್ತದೆ, 15ರಿಂದ 40 ವರ್ಷದವರು ಭಾಗವಹಿಸಬಹುದು. ನಿಮಗೆ 38 ಆಗಿದ್ದರೆ ನೀವೂ ಹೆಸರು ಕೊಡಬಹುದು ನಿಜ. ಟೀಮಿನಲ್ಲಿ ಒಬ್ಬ ಹತ್ತೊಂಬತ್ತರ ಹುಡುಗ ಕಾಯುತ್ತಿದ್ದರೆ ದಯವಿಟ್ಟು ಕೊಡಬೇಡಿ. ಇನ್ನೊಂದು ಕೇಂದ್ರ ಸರಕಾರದ ನೆಹರು ಯುವ ಕೇಂದ್ರ. 1972ರಿಂದ ಇರುವ ಈ ವ್ಯವಸ್ಥೆಯ ಕೆಲಸಗಳು ಈಗ ಮೈ ಭಾರತ್ ಹೆಸರಿನಲ್ಲಿ ನಡೆಯುತ್ತವೆ, ಅದು 2023ರ ಅಕ್ಟೋಬರ್ 31ಕ್ಕೆ ಸುರುವಾದದ್ದು. ಅಲ್ಲಿ ವಯಸ್ಸು 15ರಿಂದ 29. ಆನ್‌ಲೈನ್ ಹೆಸರು ಹಾಕಲು ಗೊತ್ತಾಗದಿದ್ದರೆ ಸರಕಾರಿ ಆನ್‌ಲೈನ್ ಕೆಲಸ ಮಾಡಿಕೊಡುವ ಅಕ್ಷಯ ಕೇಂದ್ರಕ್ಕೆ ಹೋಗಿ.

ಆಟದ ಕಿಟ್ಟು, ಮೈದಾನಕ್ಕೆ ಮಣ್ಣು, ದಾರಿದೀಪ ಬೇಕಾದರೆ ಮೆಂಬರ ಮನೆಗೆ ಹೋಗಿ ಕೇಳುವುದಕ್ಕಿಂತ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವುದು ಗಟ್ಟಿ. ಕೇರಳದ 1994ರ ಪಂಚಾಯತ್ ರಾಜ್ ಕಾಯಿದೆ ಪ್ರಕಾರ ವಾರ್ಡಿನ ಗ್ರಾಮಸಭೆ ಮೂರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು, ಮತದಾರರಲ್ಲಿ ನೂರಕ್ಕೆ ಹತ್ತರಷ್ಟು ಜನ ಬರಬೇಕು. ಹತ್ತು ಪರ್ಸೆಂಟ್ ಸೇರಿಸುವುದೇ ಅವರಿಗೆ ಕಷ್ಟ. ನಿಮ್ಮ ಕ್ಲಬ್ಬಿನ 18 ತುಂಬಿದ ಮೂವತ್ತು ಜನ ಹೋಗಿ ಕುಳಿತರೆ ಮಾತಿಗೆ ಬೆಲೆ ಇದ್ದೇ ಇರುತ್ತದೆ. ಬೇಡಿಕೆ ನಡಾವಳಿಯಲ್ಲಿ ಬರೆದದ್ದನ್ನು ನೋಡಿಕೊಂಡೇ ಮನೆಗೆ ಬನ್ನಿ.

ಅರ್ಜಿ ಕನ್ನಡದಲ್ಲೇ ಕೊಡಬಹುದು. 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಕನ್ನಡ ಮತ್ತು ತಮಿಳು ಭಾಷಾ ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರಕಾರಕ್ಕೆ ಬರೆಯುವ, ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. ಇದನ್ನು ಬಳಸಿ. ಬಳಸದೇ ಇದ್ದರೆ ಕನ್ನಡ ಬಲ್ಲ ಗುಮಾಸ್ತರ ಹುದ್ದೆ ಯಾಕೆ ಬೇಕು ಅಂತ ನಾಳೆ ಕೇಳುತ್ತಾರೆ. ಕೆಲಸ ಬೇಗ ಆಗಬೇಕಾದ ಕಡೆ ಮಲಯಾಳಂ ಪ್ರತಿಯನ್ನೂ ಲಗತ್ತಿಸಿ. ಅದನ್ನು ಬರೆಯಲು ಕ್ಲಬ್ಬಿನಲ್ಲೇ ಒಬ್ಬ ಮಲಯಾಳಂ ಮೀಡಿಯಂ ಹುಡುಗಿ ಇದ್ದಾಳೆ, ಅವಳಿಗೆ ಹೇಳಿ.

ಪಂದ್ಯಾಟದ ದಿನ

ಹೊನಲು ಬೆಳಕಿನ ಪಂದ್ಯಾಟ ಅಂದರೆ ಹುಡುಗರಿಗೆ ಹಬ್ಬ. ನಿಮಗೆ ಮಾತ್ರ ಅವತ್ತು ಆಟ ನೋಡಲು ಪುರುಸೊತ್ತು ಇರಬಾರದು.

ಹದಿನೈದು ದಿನ ಮೊದಲೇ ಪೊಲೀಸ್ ಸ್ಟೇಷನ್ನಿಗೆ ಹೋಗಿ ಧ್ವನಿವರ್ಧಕಕ್ಕೆ ಅನುಮತಿ ಕೇಳಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಮೈಕ್ ಹಾಕಬಾರದು ಅಂತ 2000ದ ಶಬ್ದ ಮಾಲಿನ್ಯ ನಿಯಮದಲ್ಲಿದೆ. ಟೀಮುಗಳು ತಡವಾಗಿ ಬಂದು ಫೈನಲ್ ಹನ್ನೆರಡಕ್ಕೆ ಹೋಗುವುದು ನಮ್ಮ ಕಡೆಯ ಅಭ್ಯಾಸ. ಟೀಮುಗಳ ಸಂಖ್ಯೆ ಕಡಿಮೆ ಮಾಡಿ, ಮಧ್ಯಾಹ್ನವೇ ಸುರು ಮಾಡಿ. ಪಕ್ಕದ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇದ್ದಾರಾ, ಪರೀಕ್ಷೆಗೆ ಓದುವ ಮಕ್ಕಳು ಇದ್ದಾರಾ ಅಂತ ಮೊದಲೇ ಹೋಗಿ ಕೇಳಿ, ಮೈಕಿನ ಬಾಯಿ ಆ ಕಡೆಗೆ ಇರದ ಹಾಗೆ ಕಟ್ಟಿಸಿ.

ಕರೆಂಟಿನ ಕೆಲಸ ಲೈಸೆನ್ಸ್ ಇದ್ದ ಎಲೆಕ್ಟ್ರಿಷಿಯನ್‌ನಿಂದಲೇ ಆಗಬೇಕು. ತೆಂಗಿನ ಮರಕ್ಕೆ ಸುತ್ತಿದ ಬರಿ ಜೋಡಣೆಯ ವಯರ್, ಒದ್ದೆ ನೆಲದಲ್ಲಿ ಎಳೆದ ಪ್ಲಗ್ ಬೋರ್ಡ್ ಕಂಡರೆ ಆಟ ನಿಲ್ಲಿಸುವ ಅಧಿಕಾರ ನಿಮಗಿದೆ ಅಂತ ಕಮಿಟಿಯಲ್ಲಿ ಮೊದಲೇ ಬರೆಸಿಕೊಳ್ಳಿ. ಕೊನೆ ಗಳಿಗೆಯಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ.

ಒಂದು ವಾಹನ ಡ್ರೈವರ್ ಸಮೇತ ಬೇರೆ ಏನಕ್ಕೂ ಹೋಗದೆ ನಿಂತಿರಬೇಕು. ಪೆಟ್ಟಾದರೆ ಯಾವ ಆಸ್ಪತ್ರೆ, ರಾತ್ರಿ ಎಲುಬಿನ ಡಾಕ್ಟರ್ ಎಲ್ಲಿ ಸಿಗುತ್ತಾರೆ, ಹಾವಿನ ವಿಷಕ್ಕೆ ಔಷಧಿ ಎಲ್ಲಿದೆ ಅಂತ ಮೊದಲೇ ವಿಚಾರಿಸಿ ಒಂದು ಹಾಳೆಯಲ್ಲಿ ಬರೆದು ಮೈಕಿನ ಮೇಜಿಗೆ ಅಂಟಿಸಿ. ಮಂಗಳೂರು ಹತ್ತಿರ ಅಂತ ಅದೊಂದನ್ನೇ ನಂಬಿ ಕೂರಬೇಡಿ. 2020ರ ಲಾಕ್‌ಡೌನಿನಲ್ಲಿ ಕರ್ನಾಟಕಕ್ಕೆ ಹೋಗುವ ತಲಪಾಡಿ ಗಡಿ ಮುಚ್ಚಿದಾಗ ನಮ್ಮವರು ಪಟ್ಟ ಪಾಡು ಎಲ್ಲರಿಗೂ ನೆನಪಿದೆ.

ಮಳೆಗಾಲದ ಮೂರು ಭಯ

ಮೊದಲನೆಯದು ಕೆಂಪುಕಲ್ಲಿನ ಕೋರೆ. ಕೆಲಸ ನಿಂತ ಕೋರೆಗಳಲ್ಲಿ ಜೂನ್ ಕಳೆಯುವಾಗ ನೀರು ತುಂಬುತ್ತದೆ. ನೋಡಲು ಈಜುಕೊಳದ ಹಾಗೆ ಕಾಣುತ್ತದೆ. ಅಂಚು ನೇರ ಕಡಿದದ್ದು, ಹತ್ತಲು ಮೆಟ್ಟಿಲಿಲ್ಲ, ಆಳ ಗೊತ್ತಿಲ್ಲ, ಒಳಗೆ ಅರ್ಧ ಕಡಿದ ಕಲ್ಲು. ಚೆನ್ನಾಗಿ ಈಜು ಬರುವವನೂ ಅಲ್ಲಿ ಸೋಲುತ್ತಾನೆ. ನಿಮ್ಮ ವಾರ್ಡಿನ ಕೋರೆ, ಮದಕ, ಪಳ್ಳದಂಥ ನೀರು ನಿಲ್ಲುವ ಜಾಗಗಳ ಪಟ್ಟಿ ಹುಡುಗರಿಂದಲೇ ಮಾಡಿಸಿ, ಎಲ್ಲಿ ಇಳಿಯುತ್ತಾರೆ ಅಂತ ಅವರಿಗೆ ನಿಮಗಿಂತ ಜಾಸ್ತಿ ಗೊತ್ತು. ಅಲ್ಲಿ ಬೋರ್ಡು ಹಾಕಿ, ಪಕ್ಕದ ಮರಕ್ಕೆ ಗಟ್ಟಿ ಹಗ್ಗ ಕಟ್ಟಿದ ಖಾಲಿ ಕೇನ್ ತೂಗಿಸಿ. ಮುಳುಗುವವರ ಕಡೆಗೆ ಅದನ್ನು ಎಸೆಯಬೇಕು, ತಾವು ಹಾರಬಾರದು ಅಂತ ಹತ್ತು ಸಲ ಹೇಳಿ, ಎಸೆದು ಅಭ್ಯಾಸ ಮಾಡಿಸಿ. ಅಗ್ನಿಶಾಮಕ ದಳದ ನಂಬರ್ 101, ಆಂಬುಲೆನ್ಸ್ 108. ನೀರಿನಿಂದ ತೆಗೆದವರಿಗೆ ಉಸಿರಿಲ್ಲದಿದ್ದರೆ ಎದೆ ಒತ್ತಿ ಉಸಿರು ಕೊಡುವ ಸಿಪಿಆರ್ ಕಲಿತಿರಬೇಕು: 30 ಸಲ ಒತ್ತಿ, ಎರಡು ಸಲ ಉಸಿರು, ಒತ್ತುವ ವೇಗ ನಿಮಿಷಕ್ಕೆ 100ರಿಂದ 120. ಓದಿದರೆ ಬರುವುದಿಲ್ಲ. ಅಗ್ನಿಶಾಮಕ ದಳದವರನ್ನೋ ಆಸ್ಪತ್ರೆಯವರನ್ನೋ ಕರೆಸಿ, ವರ್ಷಕ್ಕೊಮ್ಮೆ ಎಲ್ಲರ ಕೈಯಲ್ಲೂ ಮಾಡಿಸಿ.

ಎರಡನೆಯದು ಇಲಿ ಜ್ವರ, ಇಲಿಯ ಮೂತ್ರ ಸೇರಿದ ಕೊಳಕು ನೀರಿನಿಂದ ಬರುವಂಥದ್ದು. ಚರಂಡಿ, ತೋಡು ಸ್ವಚ್ಛ ಮಾಡುವ ಶ್ರಮದಾನಕ್ಕೆ ಹುಡುಗರು ಬರಿಗಾಲಿನಲ್ಲಿ ಇಳಿಯುತ್ತಾರೆ. ಬೂಟು, ಗ್ಲೌಸ್ ಕೊಡಿ, ಕಾಲಲ್ಲಿ ಗಾಯ ಇದ್ದವರನ್ನು ಮೇಲೇ ನಿಲ್ಲಿಸಿ. ಮೊದಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿದರೆ ಡಾಕ್ಟರು ಹೇಳಿದ ಹಾಗೆ ಡಾಕ್ಸಿಸೈಕ್ಲಿನ್ ಮಾತ್ರೆ ಸಿಗುತ್ತದೆ. ಕೆಸರುಗದ್ದೆ ಆಟಕ್ಕೂ ಇದೇ ಮಾತು.

ಮೂರನೆಯದು ಸಿಡಿಲು. ಅಕ್ಟೋಬರ್, ನವೆಂಬರಿನ ಮಧ್ಯಾಹ್ನದ ಮೇಲೆ ಗುಡುಗು ಕೇಳಿದರೆ ಮೈದಾನ ಖಾಲಿ ಮಾಡಿಸಿ. ಮರದ ಕೆಳಗೆ ಬೇಡ, ಕಟ್ಟಡದ ಒಳಗೆ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವ ತನಕ ಆಟ ಇಲ್ಲ, ಸೆಮಿಫೈನಲ್ ಆದರೂ ಇಲ್ಲ.

ಆಟ ಬಿಟ್ಟು ಬೇರೆ ಏನು

ಆಟ ಆಡದವರಿಗೂ ಕ್ಲಬ್ಬಿನಲ್ಲಿ ಜಾಗ ಬೇಕು. ಯಕ್ಷಗಾನದ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆ ಇದು, ಆಟಿ ತಿಂಗಳ ಮಳೆಗೆ ಒಂದು ತಾಳಮದ್ದಳೆ ಇಡಲು ಖರ್ಚು ಏನೂ ಇಲ್ಲ. ಶಾಲಾ ಕಲೋತ್ಸವದಲ್ಲಿ ಯಕ್ಷಗಾನ ಕುಣಿದ ಮಕ್ಕಳು ಹತ್ತನೇ ಕ್ಲಾಸು ದಾಟಿದ ಮೇಲೆ ಗೆಜ್ಜೆ ಬಿಚ್ಚಿಡುತ್ತಾರೆ, ಅವರನ್ನು ಹುಡುಕಿ ತನ್ನಿ. ಜೂನ್ 19ರ ವಾಚನಾ ದಿನಕ್ಕೆ ಹತ್ತಿರದ ಗ್ರಂಥಾಲಯದಲ್ಲಿ ಗೋವಿಂದ ಪೈ, ಕಯ್ಯಾರರ ಕವಿತೆ ಓದಿಸಿ.

ರಕ್ತದಾನ ಶಿಬಿರ ಇಡುವುದಾದರೆ ವಯಸ್ಸು 18 ದಾಟಿರಬೇಕು, ತೂಕ ಕನಿಷ್ಠ 45 ಕೆಜಿ, ಗಂಡಸರಿಗೆ ಮೂರು ತಿಂಗಳ, ಹೆಂಗಸರಿಗೆ ನಾಲ್ಕು ತಿಂಗಳ ಅಂತರ ಬೇಕು. ಹದಿನೇಳರ ಹುಡುಗ ಹುಮ್ಮಸ್ಸಿನಲ್ಲಿ ಸಾಲಿನಲ್ಲಿ ನಿಂತಿರುತ್ತಾನೆ, ನೋಡಿ ವಾಪಸು ಕಳಿಸಿ.

ಇನ್ನೊಂದು ಕೆಲಸ ನನ್ನ ಮನಸ್ಸಿಗೆ ತುಂಬಾ ಹತ್ತಿರದ್ದು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಕಾರಡ್ಕ, ಮುಳಿಯಾರಿನ ಕಡೆ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಮನೆಗಳಿವೆ. ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಸಿಂಪಡಿಸುವುದು 2000ಕ್ಕೆ ನಿಂತಿತು, ಆ ಮನೆಗಳ ದುಡಿಮೆ ನಿಂತಿಲ್ಲ. ಹಾಸಿಗೆ ಹಿಡಿದ ಮಗು ಇರುವ ಮನೆಯಲ್ಲಿ ಅದರ ಅಕ್ಕನೋ ತಮ್ಮನೋ ಇರುತ್ತಾರೆ. ಅವರು ಆಟಕ್ಕೂ ಬರುವುದಿಲ್ಲ, ಸಭೆಗೂ ಬರುವುದಿಲ್ಲ, ಯಾಕೆಂದರೆ ಅಮ್ಮ ಕೂಲಿಗೆ ಹೋದಾಗ ಮನೆಯಲ್ಲಿ ಒಬ್ಬರು ಬೇಕು. ವರ್ಷಕ್ಕೊಮ್ಮೆ ಹಣ್ಣು ಹಂಚಿ ಫೋಟೋ ತೆಗೆಯುವ ಬದಲು, ಕ್ಲಬ್ಬಿನ ಇಬ್ಬರು ಭಾನುವಾರ ಎರಡು ಗಂಟೆ ಆ ಮನೆಯಲ್ಲಿ ಕುಳಿತರೆ ಆ ಅಕ್ಕ ವಾಲಿಬಾಲ್ ಆಡಬಹುದು. ಮನೆಯವರನ್ನು ಕೇಳಿ, ಮಗುವನ್ನು ಎತ್ತುವುದು ಹೇಗೆ, ಉಣಿಸುವುದು ಹೇಗೆ ಅಂತ ಅಮ್ಮನಿಂದಲೇ ಕಲಿತು ಸುರು ಮಾಡಿ. ಸುರು ಮಾಡಿದರೆ ಬಿಡಬೇಡಿ.

ಜಗಳ, ಪಕ್ಷ, ಅಮಲು

ಇಬ್ಬರು ಹುಡುಗರ ಜಗಳ ಗ್ರೂಪಿನಲ್ಲಿ ಬಂದರೆ ಅಲ್ಲಿ ಉತ್ತರ ಕೊಡಬೇಡಿ, ಇಬ್ಬರಿಗೂ ಫೋನ್ ಮಾಡಿ ಮರುದಿನ ಎದುರೆದುರು ಕೂರಿಸಿ. ಚುನಾವಣೆ ಹೊತ್ತಿಗೆ ಕ್ಲಬ್ಬಿನ ಗೋಡೆ, ಮೈಕು, ಜರ್ಸಿ ಯಾವ ಪಕ್ಷಕ್ಕೂ ಇಲ್ಲ ಅಂತ ಮಹಾಸಭೆಯಲ್ಲೇ ನಿರ್ಣಯ ಮಾಡಿಸಿ. ಹುಡುಗರು ಸ್ವಂತಕ್ಕೆ ಯಾವ ಪಕ್ಷದಲ್ಲಿ ಬೇಕಾದರೂ ಇರಲಿ, ಅದು ಅವರ ಇಷ್ಟ. ನಿಮ್ಮ ಪಕ್ಷವನ್ನೂ ಗೇಟಿನ ಹೊರಗೆ ಇಟ್ಟು ಬನ್ನಿ.

ಗಾಂಜಾ, ಮಾತ್ರೆಯ ವಿಷಯ ಬಂದರೆ ಬೈಯುವುದರಿಂದ ಏನೂ ಆಗುವುದಿಲ್ಲ, ಹುಡುಗ ಕ್ಲಬ್ಬಿಗೆ ಬರುವುದನ್ನು ನಿಲ್ಲಿಸುತ್ತಾನೆ ಅಷ್ಟೇ. ಆಮೇಲೆ ಅವನಿಗೆ ಉಳಿಯುವುದು ಆ ಗುಂಪು ಮಾತ್ರ. ಸೇದುವ ಹುಡುಗನ ಜತೆ ಮಾತು ಬಿಡಬೇಡಿ, ಮನೆಯವರನ್ನು ಸೇರಿಸಿಕೊಂಡು ಅಬಕಾರಿ ಇಲಾಖೆಯ ವಿಮುಕ್ತಿ ಯೋಜನೆಯ ಚಿಕಿತ್ಸೆಗೆ ಕರೆದುಕೊಂಡು ಹೋಗಿ. ಮಾರುವವನ ಬಗ್ಗೆ ಮಾತ್ರ ಕರುಣೆ ಬೇಡ, ಪೊಲೀಸರಿಗೆ ಹೇಳಿ. ಕ್ಲಬ್ಬಿನ ಕಾರ್ಯಕ್ರಮದಲ್ಲಿ ಕುಡಿದು ಬಂದವರಿಗೆ, ವಂತಿಗೆ ಎಷ್ಟೇ ಕೊಟ್ಟಿರಲಿ, ವೇದಿಕೆ ಇಲ್ಲ.

ಬಿಟ್ಟುಕೊಡುವುದು

ಮೂರು ವರ್ಷ ಸಾಕು ಅಂತ ನನ್ನ ಲೆಕ್ಕ. ಅದಕ್ಕಿಂತ ಜಾಸ್ತಿ ಒಬ್ಬರೇ ಇದ್ದರೆ ಹುಡುಗರು ಎಲ್ಲದಕ್ಕೂ ನಿಮ್ಮ ಮುಖ ನೋಡಲು ಸುರು ಮಾಡುತ್ತಾರೆ. ಎರಡನೇ ವರ್ಷದಿಂದಲೇ ಬೇರೆ ಒಬ್ಬರನ್ನು ಸಭೆಗೆ ಕರೆದುಕೊಂಡು ಬನ್ನಿ. ಕ್ಲಬ್ಬಿನಲ್ಲೇ ಬೆಳೆದು ಈಗ ಇಪ್ಪತ್ತೆಂಟು ಮೂವತ್ತು ಆದವರು ಇದಕ್ಕೆ ತುಂಬಾ ಒಳ್ಳೆಯವರು.

ಬಿಡುವಾಗ ಒಂದು ಪೆಟ್ಟಿಗೆಯಲ್ಲಿ ಎಲ್ಲವನ್ನೂ ಹಾಕಿ ಕೊಡಿ: ರಿಜಿಸ್ಟ್ರೇಷನ್ ಸರ್ಟಿಫಿಕೇಟ್, ನಿಯಮಾವಳಿ, ನಡಾವಳಿ ಪುಸ್ತಕ, ಸದಸ್ಯರ ಪಟ್ಟಿ, ಪಾಸ್‌ಬುಕ್, ಪಾನ್ ಕಾರ್ಡ್, ರಬ್ಬರ್ ಸ್ಟಾಂಪು, ಉಳಿದ ರಶೀದಿ ಪುಸ್ತಕ, ಬೀಗದ ಕೈ, ಆಸ್ಪತ್ರೆ ನಂಬರಿನ ಹಾಳೆ. ಏನೇನು ಕೊಟ್ಟಿರಿ ಅಂತ ಎರಡು ಪ್ರತಿ ಬರೆದು ಇಬ್ಬರೂ ಸಹಿ ಹಾಕಿ. ವಾಟ್ಸಾಪ್ ಗ್ರೂಪಿನ ಅಡ್ಮಿನ್ ಬದಲಿಸಿ. ಬ್ಯಾಂಕಿನ ಸಹಿ ಬದಲಾಗಲು ಮಹಾಸಭೆಯ ನಿರ್ಣಯದ ಪ್ರತಿ, ಹೊಸಬರ ಆಧಾರ್, ಪಾನ್, ಫೋಟೋ ಕೇಳುತ್ತಾರೆ. ಆ ವಾರದಲ್ಲೇ ಹೊಸ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಮೂವರನ್ನೂ ಒಟ್ಟಿಗೆ ಬ್ಯಾಂಕಿಗೆ ಕರೆದುಕೊಂಡು ಹೋಗಿ ಮುಗಿಸಿ. ಒಬ್ಬ ಗಲ್ಫಿಗೆ ಹೋದ ಮೇಲೆ ಅವನ ಸಹಿಗಾಗಿ ಕಾಯುವ ಪರಿಸ್ಥಿತಿ ಬರಬಾರದು.